ಏಳೂವರೆ ಗಂಟೆಯ ಗಂಡ

ಮೂವತ್ತು ವರ್ಷ ಕಾಲೇಜಿನಲ್ಲಿ ಕನ್ನಡ ಪಾಠ ಮಾಡಿದವಳು ನಾನು. ಹೆಣ್ಣುಮಕ್ಕಳ ಸ್ವಾತಂತ್ರ್ಯದ ಬಗ್ಗೆ ಚಿಂತಾಮಣಿಯ ವೇದಿಕೆಗಳಲ್ಲಿ ಗಂಟಲು ಕಟ್ಟುವವರೆಗೆ ಮಾತಾಡಿದ್ದೇನೆ. ಆದರೆ ಸಂಜೆ ಏಳೂವರೆಗೆ ಮನೆಯಲ್ಲಿ ಏನು ಮಾಡ್ತೀರಿ ಅಂತ ಯಾರಾದರೂ ಕೇಳಿದರೆ ಮಾತು ಬದಲಾಯಿಸುತ್ತೇನೆ. ನಿಮ್ಮ ಹತ್ತಿರ ಮುಚ್ಚಿಡುವುದೇಕೆ? ಧಾರಾವಾಹಿ ನೋಡುತ್ತೇನೆ. ಅದರ ನಾಯಕ ಹೆಂಡತಿ ಉಡುವ ಸೀರೆಯ ಬಣ್ಣವನ್ನೂ ತಾನೇ ಆರಿಸುತ್ತಾನೆ. ಅವಳಿಗೆ ಬಂದ ಕೆಲಸದ ಪತ್ರವನ್ನು ಹರಿದು ಗಾಳಿಗೆ ತೂರುತ್ತಾನೆ. ಹೊಸ್ತಿಲು ದಾಟಿದರೆ ಕಾಲು ಮುರೀತೀನಿ ಅನ್ನುತ್ತಾನೆ. ಮರುಗಳಿಗೆಯೇ ಅದೇ ಕಾಲಿಗೆ ಚುಚ್ಚಿದ ಮುಳ್ಳನ್ನು ಮಂಡಿಯೂರಿ ಕೀಳುತ್ತಾನೆ. ಹಿಂದೆ ಕೊಳಲು ಕೇಳಿಸುತ್ತದೆ. ನನ್ನ ಕಣ್ಣು ತುಂಬುತ್ತದೆ.

ಪಕ್ಕದಲ್ಲಿ ಎಂಬತ್ತು ದಾಟಿದ ನನ್ನ ಅತ್ತೆ ಅವನನ್ನು ತೆಲುಗಿನಲ್ಲಿ ಬೈಯುತ್ತಿರುತ್ತಾರೆ. ಇಂಥವನಿಗೆ ಕನ್ನಡದ ಬೈಗುಳ ಸಾಲದು ಅಂತ ಅವರ ಅಭಿಪ್ರಾಯ. ಆದರೂ ಜಾಹೀರಾತು ಬಂದಾಗ ನಾನು ಚಾನೆಲ್ ಬದಲಾಯಿಸಿದರೆ, "ಇರು ಕಣೇ, ಈಗ ಬಂದ್ಬಿಡ್ತಾನೆ" ಅಂತ ತಡೆಯುವವರೂ ಅವರೇ.

ಇದಕ್ಕೆಲ್ಲ ಶಾಸ್ತ್ರದ ಬೆಂಬಲವಿದೆ. ಲೋಕದ ಶೋಕ ಬೇರೆ, ಕಾವ್ಯದ ಕರುಣರಸ ಬೇರೆ. ಬದುಕಿನಲ್ಲಿ ನಾವು ಓಡಿಹೋಗುವಂಥದ್ದನ್ನೇ ರಂಗದ ಮೇಲೆ ಕೂತು ಸವಿಯುತ್ತೇವೆ ಅಂತ ನಮ್ಮ ಅಲಂಕಾರಶಾಸ್ತ್ರದವರು ಹೇಳಿಟ್ಟಿದ್ದಾರೆ. ಇದನ್ನು ಎಷ್ಟೋ ವರ್ಷ ಮಕ್ಕಳಿಗೆ ಬೋರ್ಡಿನ ಮೇಲೆ ಬರೆದು ವಿವರಿಸಿದ್ದೆ. ಬೇಕಾದ ದಿನ ಮಾತ್ರ ಒಂದಕ್ಷರವೂ ನೆನಪಾಗಲಿಲ್ಲ.

ಆ ದಿನ ನನ್ನ ಮೈದುನ ನಾಗರಾಜ ಮಗಳು ನವ್ಯಳನ್ನು ಕರೆದುಕೊಂಡು ಮನೆಗೆ ಬಂದ. ಅವನದು ಶಿಡ್ಲಘಟ್ಟದ ಹತ್ತಿರ ಹಿಪ್ಪುನೇರಳೆ ತೋಟ, ರೇಷ್ಮೆಹುಳು ಸಾಕಣೆ. ನವ್ಯ ಡಿಪ್ಲೊಮಾ ಮುಗಿಸಿದ್ದಳು. ಗೌರಿಬಿದನೂರಿನಾಚೆ ಕುಡುಮಲಕುಂಟೆಯ ಒಂದು ಕಾರ್ಖಾನೆಯಲ್ಲಿ ಅವಳಿಗೆ ಕೆಲಸ ಸಿಕ್ಕಿತ್ತು. ಗೌರಿಬಿದನೂರಲ್ಲಿ ಇನ್ನಿಬ್ಬರು ಹುಡುಗಿಯರ ಜೊತೆ ರೂಮು, ಮೂರು ವಾರಕ್ಕೊಮ್ಮೆ ರಾತ್ರಿ ತಡವಾಗಿ ಬಿಡುವ ಎರಡನೇ ಪಾಳಿ. ಬೇಡ ಅನ್ನುವುದಕ್ಕೆ ನಾಗರಾಜನಿಗೆ ಅಷ್ಟೇ ಸಾಕಾಗಿತ್ತು. ಅವಳಿಗೆ ನಾನು ಬುದ್ಧಿ ಹೇಳಲಿ ಅಂತ ಬಂದಿದ್ದ. ಸೋಮವಾರ ಸೇರದಿದ್ದರೆ ಕೆಲಸ ಬೇರೆಯವರಿಗೆ ಹೋಗುತ್ತಿತ್ತು.

"ಕಳಿಸಪ್ಪ. ಓದಿಸಿದ್ದು ಯಾಕೆ ಮತ್ತೆ?" ಅಂದೆ.

ಅವನು ಟಿವಿ ಕಡೆ ಕೈ ತೋರಿಸಿದ. ಅಲ್ಲಿ ನಮ್ಮ ನಾಯಕ ಹೆಂಡತಿಯ ಫೋನು ಕಸಿದುಕೊಳ್ಳುತ್ತಿದ್ದ. "ಅತ್ತಿಗೆ, ದಿನಾ ಇವನನ್ನ ನೋಡಿ ಕಣ್ಣೀರು ಹಾಕ್ತೀರಿ. ಅವನು ಬೇಡ ಅಂದ್ರೆ ಪ್ರೀತಿ. ನಾನು ಬೇಡ ಅಂದ್ರೆ ತಪ್ಪಾ?"

ಕಳ್ಳತನ ಮಾಡುವಾಗ ಸಿಕ್ಕಿಬಿದ್ದವಳಂತೆ ಸೆರಗು ಸರಿಮಾಡಿಕೊಂಡೆ.

ಅಷ್ಟು ಹೊತ್ತು ನೆಲ ನೋಡುತ್ತಾ ಕೂತಿದ್ದ ನವ್ಯ ರಿಮೋಟ್ ಎತ್ತಿಕೊಂಡು ಟಿವಿ ಆರಿಸಿದಳು. ದನಿ ಏರಿಸಲಿಲ್ಲ. "ಅಪ್ಪ, ದೊಡ್ಡಮ್ಮಂಗೆ ಅವನು ಸಾಕು ಅನ್ನಿಸಿದ್ರೆ ಹಿಂಗೆ ಆಫ್ ಮಾಡಿ ಅಡುಗೆಮನೆಗೆ ಹೋಗ್ತಾರೆ. ನೀನು ಬೇಡ ಅಂದ್ರೆ ನಾನು ಏನು ಆಫ್ ಮಾಡ್ಲಿ?"

ಇಡೀ ಅಲಂಕಾರಶಾಸ್ತ್ರವನ್ನು ಅವಳು ಒಂದೇ ಮಾತಿನಲ್ಲಿ ಮುಗಿಸಿಬಿಟ್ಟಿದ್ದಳು. ನನಗೆ ಆಗಲೇ ಎದೆಯುಬ್ಬಿತ್ತು. ನಾಗರಾಜ ಕೆಟ್ಟವನಲ್ಲ, ಭಯಸ್ಥ. ಕೊನೆಗೆ, "ಜನ ಏನಾದ್ರೂ ಅಂದ್ರೆ?" ಅಂದ.

"ಅಂದೋರ್ನ ನನ್ನ ಹತ್ರ ಕಳಿಸು," ಅಂದರು ಅತ್ತೆ. "ನಾನು ಮಾತಾಡ್ತೀನಿ." ಅವರು ಯಾವ ಭಾಷೆಯಲ್ಲಿ ಮಾತಾಡುತ್ತಾರೆ ಅಂತ ನಮಗೆಲ್ಲ ಗೊತ್ತಿತ್ತು.

ಭಾನುವಾರ ನಾನು, ನಾಗರಾಜ, ನವ್ಯ ಮೂವರೂ ಬಸ್ಸಿನಲ್ಲಿ ಗೌರಿಬಿದನೂರಿಗೆ ಹೋದೆವು. ದಾರಿಯುದ್ದಕ್ಕೂ ನಾಗರಾಜ ಕಿಟಕಿಯಾಚೆ ನೋಡುತ್ತಿದ್ದ. ರೂಮಿಗೆ ಹೋದಮೇಲೆ ಬಾಗಿಲ ಚಿಲಕವನ್ನು ಮೂರು ಸಲ ಹಾಕಿ ತೆಗೆದು ನೋಡಿದ. ಅಷ್ಟಕ್ಕೆ ಸಮಾಧಾನವಾಗದೆ ಅಂಗಡಿಗೆ ಹೋಗಿ ಇನ್ನೊಂದು ಚಿಲಕ ತಂದು ಹೊಡೆದ. ಎರಡನೇ ಪಾಳಿಯವರನ್ನು ಕಂಪನಿ ಬಸ್ಸು ಎಲ್ಲಿ ಇಳಿಸುತ್ತದೆ ಅಂತ ಕೇಳಿ, ಅಲ್ಲಿಂದ ರೂಮಿನವರೆಗೆ ತಾನೇ ನಡೆದು ಬಂದ. ಹೊರಡುವಾಗ ಮಗಳ ತಲೆ ಮೇಲೆ ಕೈಯಿಟ್ಟು, "ಒಳಗಿನ ಚಿಲಕ ಹಾಕ್ಕೊಳಮ್ಮ," ಅಂದ. ಹಾಕಿಕೊಳ್ಳುವುದೂ ತೆಗೆಯುವುದೂ ಅವಳ ಕೈಯಲ್ಲೇ ಇರುವ ಚಿಲಕ ಅದು ಅನ್ನುವುದು ಅವನಿಗೆ ಹೊಳೆಯಿತೋ ಇಲ್ಲವೋ. ನನಗಂತೂ ಹೊಳೆಯಿತು.

ಇದಾಗಿ ಒಂದೂವರೆ ವರ್ಷ. ನವ್ಯ ಈಗ ಹೊಸದಾಗಿ ಸೇರುವ ಹುಡುಗಿಯರಿಗೆ ಯಂತ್ರದ ಕೆಲಸ ಕಲಿಸುತ್ತಾಳೆ. ನಾನೋ, ಇನ್ನೂ ಅದೇ ಧಾರಾವಾಹಿ ನೋಡುತ್ತೇನೆ. ಈಗ ನಾಚಿಕೆಯಿಲ್ಲ.

ಹೋದ ವಾರ ನಾಗರಾಜನ ಮನೆಗೆ ಹೋಗಿದ್ದೆ. ಜಗಲಿಯಲ್ಲಿ ಪಕ್ಕದೂರಿನವರೊಬ್ಬರು ಕೂತಿದ್ದರು. ಅವರ ಮಗಳಿಗೂ ನವ್ಯಳ ಕಾರ್ಖಾನೆಯಲ್ಲೇ ಕೆಲಸ ಸಿಕ್ಕಿತ್ತಂತೆ. ಕಳಿಸುವುದೋ ಬೇಡವೋ ಅಂತ ಕೇಳಲು ಬಂದಿದ್ದರು. ನಾಗರಾಜ ಕಾಲು ಚಾಚಿ ಕೂತು ಹೇಳುತ್ತಿದ್ದ: "ನಮ್ಮ ಮನೇಲಿ ಎಲ್ರೂ ಬೇಡ ಅಂದ್ರು. ನಾನೇ ಧೈರ್ಯ ಮಾಡಿ ಕಳಿಸಿದೆ. ಹೆಣ್ಣುಮಕ್ಕಳನ್ನ ಕಟ್ಟಿ ಹಾಕ್ಬಾರ್ದು ಸ್ವಾಮಿ."

ತಿದ್ದೋಣ ಅಂತ ಬಾಯಿ ತೆರೆದೆ. ಆ ಅಪ್ಪನ ಮುಖ ನೋಡಿದೆ. ನಾಗರಾಜನ ಕಥೆಯನ್ನು ಅಕ್ಷರಶಃ ನಂಬುತ್ತಿದ್ದರು. ಅವರ ಮಗಳು ಕೆಲಸಕ್ಕೆ ಹೋಗುವುದು ಹೆಚ್ಚುಕಡಿಮೆ ಗಟ್ಟಿಯಾಗಿತ್ತು. ತಿದ್ದಲಿಲ್ಲ. ಅವನ ಪಕ್ಕದಲ್ಲೇ ಕೂತು, "ಹೌದು, ಇವನೇ ಕಳಿಸಿದ್ದು," ಅಂದೆ.