ಕೆರೆಗೆ ಉಸಿರುಕಟ್ಟಿದ ಬೆಳಿಗ್ಗೆ

ಸಮುದ್ರದ ಮೇಲ್ಪದರದ ನೀರಿನಲ್ಲಿ ಸಾರಜನಕ ಹೇಗೆ ಸುತ್ತುತ್ತದೆ ಎಂಬುದನ್ನು ಕರಾವಳಿಯ ಕಾಲೇಜೊಂದರಲ್ಲಿ ಎರಡು ವರ್ಷ ಓದಿದೆ. ಅದನ್ನು ಹೊಸ ಅಗ್ರಹಾರದ ಕಡೆಯ ಕೆರೆಯೊಂದರ ಏರಿಯ ಮೇಲೆ ಕೂತು ಮಾವನಿಗೆ ಹೇಳಬಾರದಿತ್ತು.

ಮಾವ, ಎಂದರೆ ನನ್ನ ತಾಯಿಯ ತಮ್ಮ, ಆ ವರ್ಷ ಕೆರೆಯ ಮೀನು ಗುತ್ತಿಗೆ ಹಿಡಿದಿದ್ದರು. ಕಾಟ್ಲಾ ಮರಿಗಳು ಬೆರಳುದ್ದ ದಾಟುತ್ತಿರಲಿಲ್ಲ.

"ನಿನ್ ಸಮುದ್ರದಲ್ಲಿ ಮೀನಿಗೆ ಯಾರವ್ವ ಬೂಸಾ ಆಕ್ತಾರೆ?" ಎಂದು ಕೇಳಿದರು.

ನಾನು ಹುರುಪಿನಿಂದ ಹೇಳಿದೆ. ಬಿಸಿಲು ಬೀಳುವ ಮೇಲಿನ ನೀರಿನಲ್ಲಿ ಸಾರಜನಕ ಬೇಗ ಮುಗಿದುಹೋಗುತ್ತದೆ. ಮಳೆಗಾಲದಲ್ಲಿ ಅಡಿಯ ತಣ್ಣೀರು ಅದನ್ನು ಹೊತ್ತು ಮೇಲೇಳುತ್ತದೆ. ಆಗ ಸಣ್ಣ ಪಾಚಿ ಬೆಳೆದು ನೀರು ಹಸಿರಾಗುತ್ತದೆ, ಅದನ್ನು ತಿನ್ನಲು ಬೂತಾಯಿ ಮೀನು ಹಿಂಡುಗಟ್ಟುತ್ತದೆ.

"ಸಾರಜನಕ ಅಂದ್ರೆ ಯೂರಿಯಾ ಅಲ್ವಾ? ಕಬ್ಬಿಗೆ ತಂದಿದ್ದು ಮಿಕ್ಕದೆ ಬುಡು."

ಸ್ವಲ್ಪವೇ ಹಾಕಿ ಎಂದೆ. ಸ್ವಲ್ಪ ಎಂದರೆ ಎಷ್ಟು ಎಂದು ಹೇಳಲಿಲ್ಲ. ಮಾವ ಚೀಲವನ್ನೇ ಸುರಿದರು. ವಾರದೊಳಗೆ ಕೆರೆ ಸೊಪ್ಪು ರುಬ್ಬಿ ಕಲಸಿದಂತಾಯಿತು. ಮಾವ ಊರವರನ್ನೆಲ್ಲ ಕರೆದು ತೋರಿಸಿದರು. ಆಮೇಲೆ ಮೂರು ದಿನ ಮೋಡ ಮುಚ್ಚಿತು. ಬಿಸಿಲಿಲ್ಲದಿದ್ದರೆ ಪಾಚಿ ನೀರಿಗೆ ಆಮ್ಲಜನಕ ಕೊಡುವುದಿಲ್ಲ, ಇರುವುದನ್ನೂ ಎಳೆದುಕೊಳ್ಳುತ್ತದೆ. ನನಗೆ ಅದು ಗೊತ್ತಿತ್ತು. ಪರೀಕ್ಷೆಯಲ್ಲಿ ಬರೆದಿದ್ದೆ.

ನಾಲ್ಕನೆಯ ಬೆಳಿಗ್ಗೆ ಅತ್ತೆ ಬಂದು ಎಬ್ಬಿಸಿದರು. ಕೆರೆಯ ತುಂಬ ಮೀನುಗಳು ಬಾಯಿ ಮೇಲೆತ್ತಿ ಗಾಳಿ ನುಂಗುತ್ತಿದ್ದವು. ನೀರನ್ನು ಎತ್ತಿ ಚಿಮ್ಮಿಸಿದರೆ ಗಾಳಿ ಬೆರೆಯುತ್ತದೆ ಎಂದೆ. ಮಾವ ತೋಟದ ಮೋಟಾರು ತಂದು ಕೆರೆಯ ಅಂಚಿನಲ್ಲಿಟ್ಟರು. ವೈರು ಸಾಲದೆ ನಡುವೆ ಇನ್ನೊಂದು ತುಂಡು ಗಂಟು ಹಾಕಿ, ಟೇಪಿಲ್ಲವೆಂದು ಯೂರಿಯಾ ಚೀಲದ ಒಳಗಿನ ಪ್ಲಾಸ್ಟಿಕ್ ಹರಿದು ಸುತ್ತಿದರು. ನಮ್ಮ ಕಡೆ ಹಾಗೆ ಸುತ್ತದ ವೈರೇ ಅಪರೂಪ. ಗಂಟು ಅಂಚಿನ ನೀರಿನಲ್ಲೇ ಬಿದ್ದಿತ್ತು. ನಾನು ನೋಡಿದೆ, ಸುಮ್ಮನಿದ್ದೆ.

ಪೈಪಿನ ಬಾಯಿ ಎತ್ತಿ ಹಿಡಿಯಲು ಅವರು ಮೊಣಕಾಲುದ್ದ ನೀರಿಗಿಳಿದರು. "ನೋಡ್ತಾ ಇರು, ನಿನ್ ಸಮುದ್ರನೇ ಇಲ್ಲಿ ಉಕ್ಕುಸ್ತೀನಿ. ಒತ್ತು ಮಗ!"

ಸ್ಟಾರ್ಟರ್ ಪೆಟ್ಟಿಗೆಯ ಹಸಿರು ಗುಂಡಿ ಒತ್ತಿದೆ.

ಮಾವ ಬಾಯಿ ತೆರೆದರು. ಕುತ್ತಿಗೆ ಹಿಂದಕ್ಕೆ ವಾಲಿತು. ಮೀನಿನ ಅಣಕ ಮಾಡುತ್ತಿದ್ದಾರೆ ಎಂದುಕೊಂಡು ನಾನು ನಕ್ಕೆ. ಅವರು ಯಾವಾಗಲೂ ಹಾಗೆ ಆಡುವವರೇ.

"ಅಯ್ಯೋ, ಕರೆಂಟು ಕಣೇ, ಆಫ್ ಮಾಡೇ!" ಎಂದು ಅತ್ತೆ ನೀರಿನತ್ತ ಓಡಿದಾಗಲೇ ಮಾವನ ಬೆರಳುಗಳು ಪೈಪಿಗೆ ಸೆಟೆದು ಕಚ್ಚಿಕೊಂಡಿರುವುದು ನನಗೆ ಕಂಡಿದ್ದು. ಕೆಂಪು ಗುಂಡಿ ಒತ್ತಿದೆ. ಅತ್ತೆ ನೀರಿಗೆ ಕಾಲಿಡಲು ಒಂದು ಹೆಜ್ಜೆ ಬಾಕಿಯಿತ್ತು, ಅಷ್ಟೆ.

ಇಬ್ಬರೂ ಸೇರಿ ಎಳೆದು ಏರಿಗೆ ಹಾಕಿದೆವು. ಉಸಿರಿತ್ತು. ಕೃಷ್ಣರಾಜನಗರದ ಆಸ್ಪತ್ರೆಗೆ ಹೋಗುವ ಆಟೋದಲ್ಲಿ ಅವರು ಆಡಿದ ಮೊದಲ ಮಾತು, "ಮೀನು ಎಂಗವೆ?"

"ಮೀನಂತೆ ಮೀನು! ನೀನೇ ತೇಲ್ತಿದ್ದೆ ಈಗ," ಎಂದು ಅತ್ತೆ ಬೈಯುತ್ತಲೇ ಅತ್ತರು.

ಮಧ್ಯಾಹ್ನದ ಹೊತ್ತಿಗೆ ಕೆರೆಯೆಲ್ಲ ಬಿಳಿ ಹೊಟ್ಟೆಗಳು.

ಮಾವ ಯಾರ ಮುಂದೆಯೂ ನನ್ನನ್ನು ದೂರಲಿಲ್ಲ. "ಚೀಲ ಸುರ್ದೋನು ನಾನು ಕಣವ್ವ," ಎನ್ನುತ್ತಾರೆ. ನಾನು ನಕ್ಕಿದ್ದು ಅವರಿಗೆ ಗೊತ್ತಿಲ್ಲ. ಎಷ್ಟು ಹೊತ್ತು ನಕ್ಕೆ ಎಂಬುದು ನನಗೂ ಗೊತ್ತಿಲ್ಲ. ನೆನೆದಾಗಲೆಲ್ಲ ಆ ನಗು ಇನ್ನಷ್ಟು ಉದ್ದವಾಗುತ್ತದೆ. ಈಗಲೂ ಊಟಕ್ಕೆ ಕೂತಾಗ ಅವರು ಯಾರದ್ದಾದರೂ ಅಣಕ ಮಾಡಿ ಎಲ್ಲರನ್ನೂ ನಗಿಸುತ್ತಾರೆ. ಅವರು ಬಾಯಿ ತೆರೆದೊಡನೆ ನನ್ನ ಕಣ್ಣು ಅವರ ಬೆರಳುಗಳಿಗೆ ಹೋಗುತ್ತದೆ.