ಹಸನಬ್ಬನನ್ನು ಬಿಡಿಸಿಕೊಂಡು ಬಂದೆವು

ಗೆಳೆಯರೇ, ಇವತ್ತು ಬೆಳಿಗ್ಗೆ ನಮ್ಮ ಬೀಡಿ ಕೆಲಸಗಾರರ ಸಂಘದ ಹಸನಬ್ಬನನ್ನು ಪೊಲೀಸರು ಮನೆಯಿಂದಲೇ ಹಿಡಿದುಕೊಂಡು ಹೋದರು. ಅವನು ಹುಟ್ಟಿದ್ದು ಪಾಣೆಮಂಗಳೂರಿನಲ್ಲಿ. ದೇಶ ಇಬ್ಭಾಗವಾಗುವ ಮೊದಲೇ ಹೊಟ್ಟೆಪಾಡಿಗೆ ಕರಾಚಿಗೆ ಹೋಗಿ ಹೋಟೆಲಿನಲ್ಲಿ ದುಡಿದು, ಅಲ್ಲಿನ ಪಾಸ್‌ಪೋರ್ಟಿನಲ್ಲಿ ಊರಿಗೆ ಮರಳಿದ್ದೇ ತಪ್ಪಾಯಿತು. ಈಗ ಅವನು ವಿದೇಶಿಯಂತೆ, ಗಡಿ ದಾಟಿಸುತ್ತಾರಂತೆ.

ಮೊನ್ನೆ ಕೂಲಿ ಹೆಚ್ಚಿಸಿ ಎಂದು ಹೊರಟ ನಮ್ಮ ಮೆರವಣಿಗೆಗೆ ಪೊಲೀಸರು ಲಾಠಿ ಬೀಸಿದ ಮೇಲೆ, ಪೇಟೆಯಲ್ಲಿ ಐದು ಜನ ಒಟ್ಟು ಸೇರಬಾರದೆಂದು ಸರ್ಕಾರದ ಆಜ್ಞೆ ಉಂಟು. ಆದರೂ ಸುಮ್ಮನೆ ಕೂರಲು ಯಾರಿಗೂ ಆಗಲಿಲ್ಲ.

"ನಾಲ್ಕು ನಾಲ್ಕು ಜನ ಹೋಗುವ" ಎಂದರು ಸಂಘದ ಕಲ್ಯಾಣಿಯಕ್ಕ.

ಮಧ್ಯಾಹ್ನದೊಳಗೆ ಠಾಣೆಯ ಅಂಗಳದಲ್ಲಿ ನಾಲ್ವರ ಹತ್ತು ಗುಂಪುಗಳು ದೂರ ದೂರ ಕುಳಿತಿದ್ದವು.

"ಏನಿದು ಗುಂಪು?" ಇನ್‌ಸ್ಪೆಕ್ಟರ್ ಗದರಿದರು.

"ನಾವು ನಾಲ್ಕೇ ಜನ ಸ್ವಾಮಿ. ಆಚೆಯವರ ವಿಷಯ ನಮಗೆ ಗೊತ್ತಿಲ್ಲ" ಎಂದರು ಕಲ್ಯಾಣಿಯಕ್ಕ. "ಹಸನಬ್ಬನನ್ನು ಬಿಡಿ, ಹೋಗ್ತೇವೆ."

"ಅವನು ಪಾಕಿಸ್ತಾನಿ!"

"ಪಾಕಿಸ್ತಾನದಲ್ಲಿ ತುಳು ಮಾತಾಡುವವರು ಉಂಟಾ ಸ್ವಾಮಿ? ಇವನ ಅಪ್ಪ, ಅಜ್ಜನ ಗೋರಿ ಇಲ್ಲೇ ಉಂಟು."

ಕಾನ್‌ಸ್ಟೇಬಲ್ ನಕ್ಕ, ಇನ್‌ಸ್ಪೆಕ್ಟರ್ ನಗಲಿಲ್ಲ. ಸಂಜೆಯಾದರೂ ನಾವು ಯಾರೂ ಏಳದಿದ್ದಾಗ, ಅವನು ಯಾವ ದೇಶದವನೆಂದು ಕೋರ್ಟು ತೀರ್ಮಾನಿಸುವ ತನಕ ವಾರಕ್ಕೊಮ್ಮೆ ಠಾಣೆಗೆ ಬರಬೇಕೆಂದು ಹೇಳಿ ಬಿಟ್ಟರು.

ಹೊರಗೆ ಬಂದ ಹಸನಬ್ಬ ನಮ್ಮನ್ನು ನೋಡಿ ಗಾಬರಿಯಾದ. "ಎಲ್ಲರೂ ಕೆಲಸ ಬಿಟ್ಟು ಬಂದದ್ದಾ ಮಾರಾಯ್ರೆ? ನಾಳೆ ಧಣಿ ಸುಮ್ಮನಿರ್ತಾರಾ?"

ಗಡೀಪಾರಾಗಲಿದ್ದವನಿಗೂ ಸರ್ಕಾರಕ್ಕಿಂತ ಧಣಿಯ ಭಯವೇ ಹೆಚ್ಚು. ಸಂಘಕ್ಕೆ ಇನ್ನೂ ಬಹಳ ಕೆಲಸ ಉಂಟು.