ಮೀನಿನ ಹೊಟ್ಟೆಯಲ್ಲಿ ಶಿದ್ರಾಮಪ್ಪನವರು

ಮಾಯವ್ವ ಮೀನನ್ನು ಗಿರಾಕಿಯ ಕಣ್ಣೆದುರೇ ಕೊಯ್ಯುತ್ತಿದ್ದಳು. ಜಮಖಂಡಿ ಸಂತೆಯಲ್ಲಿ ಅವಳ ವ್ಯಾಪಾರ ನಿಂತದ್ದೇ ಅದರ ಮೇಲೆ. ಗಂಡ ಕರೆಪ್ಪ ಕೃಷ್ಣೆಯಲ್ಲಿ ಬಲೆ ಹಾಕಿ ಹಿಡಿದದ್ದನ್ನು ಬುಟ್ಟಿಯಲ್ಲಿ ಹೊತ್ತು ತರುವಳು. “ನೋಡ್ರಿ, ಹೊಟ್ಟಿ ಸ್ವಚ್ಛ ಐತಿ” ಎಂದು ಬಗೆದು ತೋರಿಸುವಳು. ತೋರಿಸದೆ ಒಂದು ಮೀನನ್ನೂ ಮಾರಿದವಳಲ್ಲ.

ಅದೇ ಪೇಟೆಯಲ್ಲಿ ಶಿದ್ರಾಮಪ್ಪನವರ ಬಟ್ಟೆ ಅಂಗಡಿ. ಮೀನೆಂಬ ಶಬ್ದ ಕಿವಿಗೆ ಬಿದ್ದರೂ ಬಾಯಿ ಮುಕ್ಕಳಿಸುವವರು. ತಮ್ಮ ಹೆಸರು ಬಿದ್ದರೆ ಮಾತ್ರ ಹೋಳಿಗೆ ಉಂಡಷ್ಟು ತೃಪ್ತಿ. ಶ್ರಾವಣದಲ್ಲಿ ತುಂಬಿದ ಹೊಳೆಗೆ ನಮ್ಮ ಕಡೆಯ ಹೆಂಗಸರು ಉಡಿ ತುಂಬುತ್ತಾರೆ: ಕುಪ್ಪಸದ ಖಣ, ಬಳೆ, ಕೊಬ್ಬರಿ ಬಟ್ಟಲು, ಅರಿಷಿಣ, ಕುಂಕುಮ. ತೊಂಬತ್ತರ ದಶಕದ ಒಂದು ಶ್ರಾವಣದಲ್ಲಿ, ಹೊಳೆ ಗಂಗವ್ವನಿಗೆ ಕೊಟ್ಟ ಖಣ ತೊಯ್ಯಬಾರದೆಂದು ಶಿದ್ರಾಮಪ್ಪನವರು ಯೋಚಿಸಿದರು. ಖಣ ಕೊಂಡವರಿಗೆಲ್ಲ ಪ್ಲಾಸ್ಟಿಕ್ ಚೀಲ ಪುಕ್ಕಟೆ. ಮೇಲೆ ಗೇಣುದ್ದದ ಹೆಸರು. ಹೊಳೆಗೆ ಕೊಡುವುದು ಹೊಳೆಯಲ್ಲಿ ನೆನೆಯಬಾರದೆಂಬ ಈ ಜಾಣತನವನ್ನು ಊರೆಲ್ಲ ಹೊಗಳಿತು. ಗಂಟು ಹಾಕಿದ ಚೀಲಗಳು ಸಮುದ್ರದ ಹಾದಿ ಹಿಡಿದವು. ನಡುವೆ ಹಸಿದವರು ಸಿಕ್ಕಲ್ಲಿ ಅಲ್ಲೇ ಉಳಿದವು.

ಮುಂದಿನ ಸಂತೆಗೆ ಹಣಮಪ್ಪ ಮಾಸ್ತರರು ದೊಡ್ಡದೊಂದು ಬಾಳೆಮೀನು ಆರಿಸಿದರು. ಮಾಯವ್ವ ಬಗೆದಳು. ಲೋಳೆ ಸುತ್ತಿದ ಚೀಲ, ಅದರೊಳಗೆ ಕೊಳೆತ ಕೊಬ್ಬರಿ, ಕರುಳಿಗೆ ಅಂಟಿದ ಖಣದ ಚೂರು. ಹೆಸರು ಮಾತ್ರ ಮಾಸಿರಲಿಲ್ಲ.

“ಥೂ! ಇದೇನ ಬೇ?”

“ಶಿದ್ರಾಮಪ್ಪ ಸಾವಕಾರ್ರರೀ.”

“ಇದನ್ನ ತಿಂದದ್ದನ್ನ ನಾವ್ ತಿನ್ನೂದಾ?” ಮಾಸ್ತರರು ಮೂಗು ಹಿಡಿದು ನಡೆದರು.

ಆಮೇಲೆ ಬಗೆದ ಮೀನುಗಳಲ್ಲೂ ಅದೇ. ಎಷ್ಟೋ ಮೀನು ಹೊಟ್ಟೆ ತುಂಬಿಕೊಂಡೇ ಉಪವಾಸ ಸತ್ತು ತೇಲುತ್ತಿದ್ದವು. ಗಿರಾಕಿಗಳು ಮೀನಿನ ಸಾಲಿನ ಹತ್ತಿರವೂ ಸುಳಿಯದಾದರು. ಮಾಯವ್ವ ಚೀಲಗಳನ್ನೆಲ್ಲ ಬುಟ್ಟಿಯಲ್ಲಿ ಹೊತ್ತು ಅಂಗಡಿಗೇ ಹೋದಳು. ಮದುವೆ ಸೀರೆ ಹರವಿದ್ದ ಬಿಳಿ ಗಾದಿಯ ಪಕ್ಕ ಸುರುವಿದಳು. ಸೀರೆ ನೋಡುತ್ತಿದ್ದವರು ಸೆರಗು ಮೂಗಿಗಿಟ್ಟು ಎದ್ದರು.

“ನಿಮ್ಮ ಹೆಸರ ಎಲ್ಲೀತನಕ ಮುಟ್ಟೇತಿ ನೋಡ್ರಿ, ಸಾವಕಾರ್ರ.”

“ಶಿವ ಶಿವಾ! ನನ್ನ ಹೆಸರ, ಮೀನಿನ ಹೊಟ್ಟ್ಯಾಗ! ಮಂದಿ ಏನಂದಾರು?”

“ನಿಮಗ ಹೆಸರಿನ ಚಿಂತಿ. ನನ್ನ ಯಾಪಾರ ಮುಳಗಾಕತ್ತೇತಿ. ಈ ಚೀಲಾ ಬಂದ್ ಮಾಡ್ರಿ.”

“ಇನ್ನ ಮ್ಯಾಲ ನನ್ನ ಹೆಸರಿನ ಒಂದ ಚೀಲಾ ಹೊಳಿಗೆ ಬಿದ್ರ ಕೇಳು, ಮಾಯವ್ವಾ. ಆಣಿ ಐತಿ!”

ಶಿದ್ರಾಮಪ್ಪನವರು ಮಾತಿಗೆ ತಪ್ಪಲಿಲ್ಲ. ಮರುವರ್ಷದ ಶ್ರಾವಣಕ್ಕೆ ಚೀಲದ ಮೇಲೆ ಹೆಸರೇ ಇರಲಿಲ್ಲ.

ಮಾಯವ್ವ ಈಗ ಹೊಳೆ ದಂಡೆಯಲ್ಲೇ ಬಗೆದು, ತೊಳೆದು, ತುಂಡು ಮಾಡಿ ತರುತ್ತಾಳೆ. ದಂಡೆಯಲ್ಲಿ ಬಿದ್ದ ಚೀಲ, ಕರುಳುಗಳ ರಾಶಿಯನ್ನು ಕಾಗೆಯೂ ಮೂಸುವುದಿಲ್ಲ. ಗಿರಾಕಿಗಳು ಮರಳಿದ್ದಾರೆ, ಮಾಸ್ತರರೂ.

“ಹಿಂಗಿರಬೇಕ ನೋಡು! ಎಷ್ಟ ಛಲೋ, ಎಷ್ಟ ಸ್ವಚ್ಛ! ಒಂದ ಕ್ಯಾರಿಬ್ಯಾಗಿನ್ಯಾಗ ಹಾಕಿ ಕೊಡವಾ.”

ಮಾಯವ್ವ ಪಕ್ಕಕ್ಕೆ ತಿರುಗಿ ಉಗುಳಿದಳು. ಎಲೆ ಅಡಿಕೆ ಇರಬೇಕೆಂದು ಮಾಸ್ತರರು ತಿಳಿದರು. ಅವಳ ಬಾಯಲ್ಲಿ ಏನೂ ಇರಲಿಲ್ಲ.